ಕಿಬ್ಬೊಟ್ಟೆಯ ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ ಹಿಡಿದವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣೂ ಕೊನೆಯ ನಾಲ್ಕು ಸಾಲಿಗೆ ಓಡುತ್ತದೆ. ಅಲ್ಲಿ 'ಬಲ್ಕಿ', 'ಸಿಸ್ಟ್', 'ಫ್ರೀ ಫ್ಲೂಯಿಡ್' ಅಂತ ಏನೋ ಬರೆದಿರುತ್ತದೆ. ಡಾಕ್ಟರನ್ನು ನೋಡಲು ಇನ್ನೂ ಎರಡು ದಿನ ಇರುತ್ತದೆ. ಆ ಎರಡು ದಿನ ನಿದ್ದೆ ಇಲ್ಲ. ಹಾಗೆ ಕಂಗಾಲಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಅವರದೇ ಮಾತಿನಲ್ಲಿ, ಇಲ್ಲಿ ಒಟ್ಟು ಮಾಡಿದ್ದೇನೆ.

ಓದುವ ಮುಂಚೆ ಒಂದು ಮಾತು. ಆ ದಿನ ಒಳಗೆ ಏನು ಕಂಡಿತು ಅನ್ನುವುದನ್ನಷ್ಟೇ ಸ್ಕ್ಯಾನ್ ಹೇಳುತ್ತದೆ. ಅದು ತೊಂದರೆಯೋ ಅಲ್ಲವೋ ಅಂತ ತಿಳಿಯಲು ಇನ್ನೂ ಮೂರು ವಿಷಯ ಬೇಕು: ನಿಮ್ಮ ವಯಸ್ಸು, ಅವತ್ತು ಮುಟ್ಟಿನ ಎಷ್ಟನೇ ದಿನ, ನಿಮಗೆ ಏನು ಕಷ್ಟ. ಇವನ್ನು ಬಿಟ್ಟು ಬರೀ ರಿಪೋರ್ಟ್ ಓದಿ ಹೆದರುವುದೂ ತಪ್ಪು, ನಿರಾಳವಾಗುವುದೂ ತಪ್ಪು.

## ಸ್ಕ್ಯಾನ್ ಮಾಡಿಸುವ ಮುಂಚೆ

ಅಷ್ಟೊಂದು ನೀರು ಯಾಕೆ ಕುಡಿಸುತ್ತಾರೆ? ತಡೆದುಕೊಳ್ಳೋಕೇ ಆಗಲ್ಲ.

ಗರ್ಭಕೋಶ ಇರುವುದು ಮೂತ್ರಕೋಶದ ಹಿಂದೆ. ಸುತ್ತಮುತ್ತ ಕರುಳು ಇರುತ್ತದೆ, ಕರುಳಿನಲ್ಲಿ ಗಾಳಿ ಇರುತ್ತದೆ. ಅಲ್ಟ್ರಾಸೌಂಡ್‌ನ ಶಬ್ದದ ಅಲೆಗಳು ಗಾಳಿ ದಾಟಿ ಹೋಗಲಾರವು. ಮೂತ್ರಕೋಶ ತುಂಬಿದರೆ ಕರುಳು ಪಕ್ಕಕ್ಕೆ ಸರಿಯುತ್ತದೆ. ನೀರಿನ ಮೂಲಕ ಅಲೆಗಳು ಸಲೀಸಾಗಿ ಸಾಗಿ ಗರ್ಭಕೋಶವನ್ನು ಮುಟ್ಟುತ್ತವೆ. ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಸುಮಾರು ಒಂದು ಲೀಟರ್ ಕುಡಿದರೆ ಸಾಕು. ತೀರಾ ತುಂಬಿದರೂ ಕಷ್ಟ, ಯಾಕೆಂದರೆ ಗರ್ಭಕೋಶ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಿ. ಸ್ವಲ್ಪ ಹೋಗಿ ಬಂದರೆ ಏನೂ ಹಾಳಾಗುವುದಿಲ್ಲ.

ಒಳಗಿನಿಂದ ಮಾಡುವ ಸ್ಕ್ಯಾನ್ ನೋವಾಗುತ್ತಾ? ಬೇಡ ಅನ್ನಬಹುದಾ?

ಇದಕ್ಕೆ ಟಿವಿಎಸ್ ಅನ್ನುತ್ತಾರೆ. ಬೆರಳಿಗಿಂತ ಸ್ವಲ್ಪ ದಪ್ಪದ ಪ್ರೋಬ್‌ಗೆ ಹೊಸ ಕವರ್ ಹಾಕಿ, ಜೆಲ್ ಸವರಿ, ಯೋನಿಯೊಳಗೆ ನಿಧಾನವಾಗಿ ಇಡುತ್ತಾರೆ. ಇದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಒತ್ತಿದ ಹಾಗೆ ಅನ್ನಿಸುವುದು ಸಹಜ. ಚುಚ್ಚಿದ ಹಾಗೆ ನೋವಾದರೆ ತಕ್ಷಣ ಹೇಳಿ. ಎಲ್ಲಿ ನೋವಾಯಿತು ಅನ್ನುವುದೂ ಡಾಕ್ಟರಿಗೆ ಬೇಕಾದ ಮಾಹಿತಿಯೇ.

ಹತ್ತಿರದಿಂದ ನೋಡುವುದರಿಂದ ಚಿತ್ರ ತುಂಬಾ ಸ್ಪಷ್ಟ. ಅಂಡಾಶಯದ ಸಿಸ್ಟ್ (ದ್ರವ ತುಂಬಿದ ಚೀಲ), ಒಳಪದರದ ಪಾಲಿಪ್ (ಒಳಪದರದಿಂದ ಎದ್ದ ಸಣ್ಣ ಗಂಟು), ಎಳೆ ಬಸಿರು ಇವಕ್ಕೆಲ್ಲ ಇದೇ ಮೇಲು. ಆದರೂ ಬೇಡ ಅನ್ನುವ ಹಕ್ಕು ನಿಮ್ಮದೇ. ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇರಲಿ ಅನ್ನಬಹುದು, ಪ್ರೋಬನ್ನು ನಾನೇ ಒಳಗೆ ಇಟ್ಟುಕೊಳ್ಳುತ್ತೇನೆ ಅಂತಲೂ ಕೇಳಬಹುದು. ಇದುವರೆಗೆ ಲೈಂಗಿಕ ಸಂಪರ್ಕ ಆಗಿಲ್ಲದಿದ್ದರೆ ಮೊದಲೇ ತಿಳಿಸಿ, ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ಲ್ಯಾಟೆಕ್ಸ್ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಮುಟ್ಟಿನ ಯಾವ ದಿನ ಮಾಡಿಸಿದರೆ ಒಳ್ಳೆಯದು?

ಯಾಕೆ ಮಾಡಿಸುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಪಾಲಿಪ್ ಅಥವಾ ಸಿಸ್ಟ್ ನೋಡಲು ಆ ಸಲದ ಸ್ರಾವ ನಿಂತ ಮೇಲೆ, ಮುಟ್ಟು ಶುರುವಾದ ದಿನದಿಂದ ಎಣಿಸಿ 5ರಿಂದ 10ನೇ ದಿನದೊಳಗೆ ಅನುಕೂಲ. ಆಗ ಒಳಪದರ ತೆಳ್ಳಗಿರುತ್ತದೆ, ಮುಚ್ಚಿಕೊಂಡಿದ್ದು ಕಾಣುತ್ತದೆ. ಮೊಟ್ಟೆಗಳ ಲೆಕ್ಕಕ್ಕೆ 2ರಿಂದ 5ನೇ ದಿನ. ನೋವು, ವಿಪರೀತ ರಕ್ತಸ್ರಾವ ಇದ್ದಾಗ ದಿನ ನೋಡಿಕೊಂಡು ಕೂರಬೇಡಿ, ಹೋಗಿ. ಸ್ರಾವ ಇರುವಾಗಲೂ ಸ್ಕ್ಯಾನ್ ಮಾಡಬಹುದು.

ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಗರ್ಭಕೋಶಕ್ಕೆ ಏನೂ ಆಗಲ್ವಾ?

ಆಗಲ್ಲ. ಇದರಲ್ಲಿ ಎಕ್ಸ್‌ರೇ ಇಲ್ಲ, ಬರೀ ಶಬ್ದದ ಅಲೆ. ಹೊಟ್ಟೆಯೊಳಗಿನ ಗಡ್ಡೆ ನೋಡಲು ಇದನ್ನು ಬಳಸಿದ ಮೊದಲಿಗರಲ್ಲಿ ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ ಒಬ್ಬರು. ಅವರು ಮತ್ತು ಸಂಗಡಿಗರು 1958ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಆ ಕಾಲದ ಒಂದು ಪ್ರಸಂಗ ನನಗೆ ಮರೆಯಲಾಗದ್ದು. ಗುಣವಾಗದ ಕ್ಯಾನ್ಸರ್ ಅಂತ ಕೈಬಿಟ್ಟಿದ್ದ ಒಬ್ಬ ಹೆಂಗಸಿಗೆ ಅವರು ಅಲ್ಟ್ರಾಸೌಂಡ್ ಮಾಡಿ ನೋಡಿದಾಗ ಇದ್ದದ್ದು ಅಂಡಾಶಯದ ದೊಡ್ಡ ಸಿಸ್ಟ್. ತೆಗೆದರು, ಆಕೆ ಬದುಕಿದರು.

## ರಿಪೋರ್ಟಿನಲ್ಲಿ ಮಾಮೂಲಾಗಿ ಕಾಣುವ ಸಾಲುಗಳು

ಬರೀ ನಂಬರ್ ಇದೆ. ಎಲ್ಲಿಂದ ಓದೋಕೆ ಶುರು ಮಾಡಬೇಕು?

ಮೇಲಿನಿಂದ. ಮೊದಲು ಎಲ್‌ಎಂಪಿ ನೋಡಿ, ಅಂದರೆ ಕೊನೆಯ ಸಲ ಮುಟ್ಟು ಶುರುವಾದ ದಿನ. ಅದು ತಪ್ಪಿದ್ದರೆ ಅಥವಾ ಖಾಲಿ ಬಿಟ್ಟಿದ್ದರೆ ಕೆಳಗಿನ ಅರ್ಧ ಅಳತೆಗೆ ಅರ್ಥವೇ ಇರುವುದಿಲ್ಲ.

ಉದಾಹರಣೆಗೆ ಇಂಥ ರಿಪೋರ್ಟ್ ಇದೆ ಅಂದುಕೊಳ್ಳಿ: 'ಯೂಟರಸ್ ಆಂಟಿವರ್ಟೆಡ್, 8.2 × 4.6 × 3.8 ಸೆಂ.ಮೀ. ಮಯೋಮೆಟ್ರಿಯಂ ಹೋಮೋಜೀನಿಯಸ್. ಇಟಿ 9 ಮಿ.ಮೀ. ಬಲ ಅಂಡಾಶಯ 3.5 × 2.5 × 2 ಸೆಂ.ಮೀ., ಡಾಮಿನಂಟ್ ಫಾಲಿಕಲ್ 19 ಮಿ.ಮೀ. ಪಿಒಡಿಯಲ್ಲಿ ದ್ರವ ಇಲ್ಲ.'

ಮೊದಲ ಸಾಲು ಗರ್ಭಕೋಶ ಮುಂದಕ್ಕೆ ಬಾಗಿದೆ ಅನ್ನುತ್ತದೆ. ಹೆಚ್ಚಿನವರದು ಹಾಗೇ. ಹೆರಿಗೆ ಆಗದವರಲ್ಲಿ ಉದ್ದ ಸುಮಾರು 7ರಿಂದ 8 ಸೆಂ.ಮೀ., ಹೆತ್ತವರಲ್ಲಿ ಇನ್ನೊಂದು ಸೆಂ.ಮೀ. ಹೆಚ್ಚು, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಕಮ್ಮಿ. ಮಯೋಮೆಟ್ರಿಯಂ ಅಂದರೆ ಗರ್ಭಕೋಶದ ಸ್ನಾಯು, ಅದು ಎಲ್ಲ ಕಡೆ ಒಂದೇ ಥರ ಕಂಡಿದೆ, ಗಡ್ಡೆ ಇಲ್ಲ. ಇಟಿ ಅಂದರೆ ಒಳಪದರದ ದಪ್ಪ. ಬಲಗಡೆ ಒಂದು ಮೊಟ್ಟೆಯ ಚೀಲ 19 ಮಿ.ಮೀ.ಗೆ ಬೆಳೆದಿದೆ, ಬಿಡುಗಡೆಗೆ ಹತ್ತಿರ. ಪಿಒಡಿ ಅಂದರೆ ಗರ್ಭಕೋಶದ ಹಿಂದಿನ ಜಾಗ, ಅದರ ವಿಷಯ ಮುಂದೆ ಬರುತ್ತದೆ. ಇದು ಮುಟ್ಟಿನ 13ನೇ ದಿನದ ರಿಪೋರ್ಟ್ ಆಗಿದ್ದರೆ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಇದೇ ಅಳತೆ ಮುಟ್ಟು ನಿಂತು ಹತ್ತು ವರ್ಷವಾದವರದಾಗಿದ್ದರೆ ಮಾತೇ ಬೇರೆ.

ನನ್ನ ಗರ್ಭಕೋಶ ಹಿಂದಕ್ಕೆ ಬಾಗಿದೆಯಂತೆ. ಮಕ್ಕಳಾಗಲ್ವಾ?

ಆಗುತ್ತವೆ. ರಿಟ್ರೋವರ್ಟೆಡ್ ಅನ್ನುವುದು ಸುಮಾರು ಐವರಲ್ಲಿ ಒಬ್ಬರಿಗೆ ಇರುವ ಸಹಜ ರಚನೆ. ಬಸಿರಾದರೆ ಮೂರು ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿ ಮೇಲೆದ್ದುಕೊಳ್ಳುತ್ತದೆ. ಇದನ್ನು ಸರಿಪಡಿಸಲು ಔಷಧಿ, ವ್ಯಾಯಾಮ ಯಾವುದೂ ಬೇಡ. ಒಂದೇ ಒಂದು ಸಂದರ್ಭ ಬೇರೆ: ಗರ್ಭಕೋಶ ಹಿಂದೆ ಅಂಟಿಕೊಂಡು ಅಲುಗಾಡುತ್ತಿಲ್ಲ ಅಂತ ಬರೆದಿದ್ದು, ಜತೆಗೆ ಮುಟ್ಟಿನಲ್ಲಿ ವಿಪರೀತ ನೋವೂ ಇದ್ದರೆ ಎಂಡೊಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಅಂತ ನೋಡಬೇಕು.

'ಬಲ್ಕಿ ಯೂಟರಸ್' ಅಂತ ಬರೆದಿದ್ದಾರೆ. ಗರ್ಭಕೋಶ ಊದಿಕೊಂಡಿದೆಯಾ? ತೆಗೆಸಬೇಕಾ?

ಬಲ್ಕಿ ಅಂದರೆ ಸರಾಸರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದು ಕಾಯಿಲೆಯ ಹೆಸರಲ್ಲ. ಎರಡು ಮೂರು ಹೆರಿಗೆಯಾದವರ ಗರ್ಭಕೋಶ ದೊಡ್ಡದಾಗಿಯೇ ಇರುತ್ತದೆ. ಮುಟ್ಟು ಸರಿಯಾಗಿದ್ದು, ನೋವಿಲ್ಲದಿದ್ದರೆ ಈ ಸಾಲನ್ನು ಅಲ್ಲಿಗೇ ಬಿಡಿ. ಬರೀ ಈ ಒಂದು ಪದಕ್ಕೆ ಗರ್ಭಕೋಶ ತೆಗೆಸುವ ಮಾತು ಬಂದರೆ ನಾನಂತೂ ಇನ್ನೊಬ್ಬ ಡಾಕ್ಟರನ್ನು ಕೇಳಿ ಅಂತಲೇ ಹೇಳುತ್ತೇನೆ.

ಆದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದು, ಹೊಟ್ಟೆನೋವೂ ಇದ್ದರೆ ದೊಡ್ಡದಾಗಲು ಕಾರಣ ಹುಡುಕಬೇಕು. ಮುಖ್ಯವಾಗಿ ಎರಡು: ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನಿಂದ ಬೆಳೆದ ಗಡ್ಡೆ), ಅಡಿನೋಮಯೋಸಿಸ್. ಎರಡನೆಯದರಲ್ಲಿ ಒಳಪದರದಂಥ ಅಂಗಾಂಶವೇ ಸ್ನಾಯುವಿನೊಳಗೆ ಸೇರಿರುತ್ತದೆ. ಸ್ಕ್ಯಾನ್‌ನಲ್ಲಿ ಗರ್ಭಕೋಶ ದುಂಡಗೆ ಕಾಣುತ್ತದೆ, ಒಂದು ಗೋಡೆ ಇನ್ನೊಂದಕ್ಕಿಂತ ದಪ್ಪ ಇರುತ್ತದೆ, ಸ್ನಾಯುವಿನಲ್ಲಿ ಸಣ್ಣ ಸಣ್ಣ ಸಿಸ್ಟ್ ಕಾಣುತ್ತವೆ. ಇದಕ್ಕೂ ಮೊದಲ ಹೆಜ್ಜೆಯಾಗಿ ಔಷಧಿ, ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ಕಾಯಿಲ್ ಇದೆ.

ಇಟಿ 14 ಮಿ.ಮೀ. ಇದೆ. ಒಳಪದರ ದಪ್ಪ ಆಗಿದೆ ಅಂದರೆ ಕ್ಯಾನ್ಸರಾ?

ಮುಟ್ಟು ಆಗುತ್ತಿರುವವರಲ್ಲಿ ಈ ಅಳತೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮುಟ್ಟಿನ ದಿನಗಳಲ್ಲಿ 1ರಿಂದ 4 ಮಿ.ಮೀ. ಆಮೇಲೆ ಬೆಳೆಯುತ್ತಾ ಮೊಟ್ಟೆ ಬಿಡುಗಡೆಯ ಹೊತ್ತಿಗೆ 11ರವರೆಗೆ ಹೋಗುತ್ತದೆ, ಆಗ ಮೂರು ಗೆರೆಯಾಗಿ ಕಾಣುತ್ತದೆ. ಮುಂದಿನ ಮುಟ್ಟಿಗೆ ಒಂದು ವಾರ ಇರುವಾಗ 16ರವರೆಗೂ ಇರಬಹುದು. ಹಾಗಾಗಿ 22ನೇ ದಿನ 14 ಅಂದರೆ ಏನೂ ಇಲ್ಲ. 6ನೇ ದಿನ 14 ಅಂದರೆ, ಅದರಲ್ಲೂ ಮಧ್ಯೆ ಮಧ್ಯೆ ರಕ್ತ ಕಾಣಿಸುತ್ತಿದ್ದರೆ, ಪಾಲಿಪ್ ಇದೆಯಾ ಅಂತ ನೋಡಬೇಕಾಗುತ್ತದೆ.

ಮುಟ್ಟು ನಿಂತವರ ಲೆಕ್ಕ ಬೇರೆ. ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಟಿವಿಎಸ್‌ನಲ್ಲಿ ಇಟಿ 4 ಮಿ.ಮೀ. ಅಥವಾ ಕಮ್ಮಿ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಮ್ಮಿ. ಅದಕ್ಕಿಂತ ಜಾಸ್ತಿ ಇದ್ದರೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಇಟಿ ಕಮ್ಮಿ ಇದ್ದೂ ರಕ್ತ ಮತ್ತೆ ಮತ್ತೆ ಬಂದರೆ ಆಗಲೂ ಬಯಾಪ್ಸಿ ಬೇಕು. ರಕ್ತವೇ ಬಾರದೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ 5 ಅಥವಾ 6 ಕಂಡರೆ ಅಷ್ಟು ಗಾಬರಿ ಬೇಡ. ಆ ಸಂದರ್ಭದಲ್ಲಿ 4ರ ಗೆರೆ ಅನ್ವಯಿಸುವುದಿಲ್ಲ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಅದರಿಂದಲೂ ಒಳಪದರ ದಪ್ಪ ಕಾಣುತ್ತದೆ, ಮಾತ್ರೆಯ ವಿಷಯ ತಪ್ಪದೆ ಹೇಳಿ.

ಪಿಒಡಿಯಲ್ಲಿ ದ್ರವ ಇದೆ ಅಂದರೆ ಹೊಟ್ಟೆಯಲ್ಲಿ ನೀರು ತುಂಬಿದೆ ಅಂತಾನಾ?

ಅಲ್ಲ. ಗರ್ಭಕೋಶ ಮತ್ತು ಗುದನಾಳದ ಮಧ್ಯದ ಜಾಗ ಅದು. ಹೊಟ್ಟೆಯೊಳಗಿನ ಯಾವುದೇ ದ್ರವ ಅಲ್ಲಿಗೇ ಇಳಿಯುತ್ತದೆ. ಮೊಟ್ಟೆ ಒಡೆದಾಗ ಸ್ವಲ್ಪ ದ್ರವ ಸೋರುವುದು ಸಹಜ, ಆದ್ದರಿಂದ 'ಮಿನಿಮಲ್' ಅಂತ ಇದ್ದರೆ ಚಿಂತೆ ಬೇಡ. ದ್ರವದ ಜತೆ ಜ್ವರ, ವಾಸನೆಯ ಬಿಳಿ ಸೆರಗು ಇದ್ದರೆ ಸೋಂಕು ಇರಬಹುದು. ಬಸಿರಿನ ಪರೀಕ್ಷೆ ಪಾಸಿಟಿವ್ ಆಗಿದ್ದು ದ್ರವ ಜಾಸ್ತಿ ಕಂಡರೆ ಅದು ತುರ್ತು.

ನೆಬೋಥಿಯನ್ ಸಿಸ್ಟ್ ಅಂದರೆ?

ಗರ್ಭಕೋಶದ ಬಾಯಿಯಲ್ಲಿ ಲೋಳೆಯ ಗ್ರಂಥಿ ಮುಚ್ಚಿಕೊಂಡು ಆದ ಸಣ್ಣ ಗುಳ್ಳೆ. ನಿರುಪದ್ರವಿ. ಔಷಧಿ ಬೇಡ, ಮತ್ತೆ ಸ್ಕ್ಯಾನ್ ಬೇಡ.

ಟ್ಯೂಬ್ ಬಗ್ಗೆ ರಿಪೋರ್ಟಲ್ಲಿ ಏನೂ ಬರೆದಿಲ್ಲ. ನೋಡಲೇ ಇಲ್ವಾ?

ಆರೋಗ್ಯವಾಗಿರುವ ಟ್ಯೂಬ್, ಅಂದರೆ ಅಂಡನಾಳ, ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದೇ ಅಪರೂಪ. ಕಂಡರೇ ತೊಂದರೆ, ಅಂದರೆ ದ್ರವ ತುಂಬಿ ಊದಿದೆ ಅಂತ. ಅದಕ್ಕೆ ಹೈಡ್ರೋಸಾಲ್ಪಿಂಕ್ಸ್ ಅನ್ನುತ್ತಾರೆ. ಏನೂ ಬರೆದಿಲ್ಲ ಅಂದಮಾತ್ರಕ್ಕೆ ಟ್ಯೂಬ್ ತೆರೆದಿದೆ ಅಂತ ತಿಳಿಯಬೇಡಿ. ತೆರೆದಿದೆಯಾ ಅಂತ ನೋಡಲು ಡೈ ಹಾಕಿ ತೆಗೆಯುವ ಎಕ್ಸ್‌ರೇ, ಅಂದರೆ ಎಚ್‌ಎಸ್‌ಜಿ, ಅಥವಾ ದ್ರವ ಹಾಯಿಸಿ ಮಾಡುವ ವಿಶೇಷ ಅಲ್ಟ್ರಾಸೌಂಡ್ ಬೇಕು.

## ಸಿಸ್ಟ್, ಗಡ್ಡೆ, ನೋವು

ಅಂಡಾಶಯದಲ್ಲಿ 4 ಸೆಂ.ಮೀ. ಸಿಸ್ಟ್ ಇದೆ. ಆಪರೇಷನ್ ಮಾಡಿಸಬೇಕಾ?

ಮುಟ್ಟು ಆಗುತ್ತಿರುವ ವಯಸ್ಸಿನಲ್ಲಿ, 'ಸಿಂಪಲ್' ಸಿಸ್ಟ್ ಆಗಿದ್ದರೆ, ಬಹುಪಾಲು ಬೇಡ. ಸಿಂಪಲ್ ಅಂದರೆ ತೆಳು ಗೋಡೆ, ಒಳಗೆ ಬರೀ ತಿಳಿ ದ್ರವ, ಮಧ್ಯೆ ಪರದೆಯಿಲ್ಲ, ಗಟ್ಟಿ ಭಾಗ ಇಲ್ಲ. ಪ್ರತಿ ತಿಂಗಳು ಮೊಟ್ಟೆ ಬೆಳೆಯುವ ಚೀಲವೇ ಎರಡು ಸೆಂ.ಮೀ. ದಾಟುತ್ತದೆ. ಮೊಟ್ಟೆ ಹೋದ ಮೇಲೆ ಉಳಿಯುವ ಕಾರ್ಪಸ್ ಲೂಟಿಯಂ 3 ಸೆಂ.ಮೀ.ವರೆಗೂ ಇರುತ್ತದೆ. 3ರೊಳಗಿನದನ್ನು ಸಿಸ್ಟ್ ಅಂತ ಕರೆಯುವುದೇ ಸುಮ್ನೆ ಭಯ ಹುಟ್ಟಿಸುವ ಕೆಲಸ. 5 ಸೆಂ.ಮೀ.ವರೆಗಿನ ಸಿಂಪಲ್ ಸಿಸ್ಟ್ ಹೆಚ್ಚಾಗಿ ಎರಡು ಮೂರು ಮುಟ್ಟಿನೊಳಗೆ ಹೋಗಿಬಿಡುತ್ತದೆ. 5ರಿಂದ 7 ಇದ್ದರೆ ವರ್ಷಕ್ಕೊಮ್ಮೆ ನೋಡುತ್ತಾರೆ. 7 ದಾಟಿದರೆ ಎಂಆರ್‌ಐ ಅಥವಾ ಆಪರೇಷನ್ ಬಗ್ಗೆ ಮಾತು ಬರುತ್ತದೆ. ಮುಟ್ಟು ನಿಂತವರಲ್ಲಿ ಇನ್ನೂ ಹುಷಾರಾಗಿ ನೋಡುತ್ತಾರೆ.

ಗರ್ಭನಿರೋಧಕ ಮಾತ್ರೆ ನುಂಗಿದರೆ ಇರುವ ಸಿಸ್ಟ್ ಬೇಗ ಕರಗುತ್ತದೆ ಅನ್ನುವ ನಂಬಿಕೆ ವ್ಯಾಪಕವಾಗಿದೆ. ಅಧ್ಯಯನಗಳಲ್ಲಿ ಅದು ನಿಜವಾಗಿಲ್ಲ. ಸುಮ್ಮನೆ ಕಾದರೂ ಅಷ್ಟೇ ಬೇಗ ಹೋಗುತ್ತದೆ.

ಹೆಮರಾಜಿಕ್, ಚಾಕೊಲೇಟ್, ಡರ್ಮಾಯ್ಡ್ ಅಂತೆಲ್ಲ ಹೇಳ್ತಾರಲ್ಲ, ಏನು ವ್ಯತ್ಯಾಸ?

ಒಳಗೆ ಏನಿದೆ ಅನ್ನುವುದೇ ವ್ಯತ್ಯಾಸ. ಹೆಮರಾಜಿಕ್ ಅಂದರೆ ಮಾಮೂಲಿ ಸಿಸ್ಟ್‌ನೊಳಗೆ ರಕ್ತ ಬಿದ್ದಿದೆ. ಪರದೆಯ ಮೇಲೆ ಬಲೆ ಬಲೆಯಾಗಿ ಕಾಣುತ್ತದೆ. ನೋವು ಜೋರಾಗಿರಬಹುದು, ಆದರೆ ಕೆಲವು ವಾರಗಳಲ್ಲಿ ಕರಗುತ್ತದೆ. ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡುವುದು ಅದಕ್ಕೇ.

ಚಾಕೊಲೇಟ್ ಸಿಸ್ಟ್ ಎಂಡೊಮೆಟ್ರಿಯೋಸಿಸ್‌ನ ಗುರುತು. ಹಳೆಯ ರಕ್ತ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಸ್ಕ್ಯಾನ್‌ನಲ್ಲಿ ಮಂಜು ಕವಿದ ಗಾಜಿನ ಹಾಗೆ ಒಂದೇ ಸಮ ಬೂದು ಕಾಣುತ್ತದೆ. ಇದು ತಾನಾಗಿ ಹೋಗುವುದು ಕಮ್ಮಿ. ಮಗು ಬೇಕು ಅನ್ನುವವರು ಆಪರೇಷನ್ನಿಗೆ ಒಪ್ಪುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: 'ಸಿಸ್ಟ್ ತೆಗೆಯುವಾಗ ಅದರ ಜತೆ ನನ್ನ ಮೊಟ್ಟೆಗಳೂ ಹೋಗುತ್ತವಾ?' ಹೋಗುತ್ತವೆ, ಸ್ವಲ್ಪ ಮಟ್ಟಿಗೆ. ಅದನ್ನು ತೂಗಿ ನೋಡಿಯೇ ತೀರ್ಮಾನಿಸಬೇಕು.

ಡರ್ಮಾಯ್ಡ್‌ನಲ್ಲಿ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಕೇಳಿದರೆ ಮೈ ಜುಂ ಅನ್ನಬಹುದು, ಆದರೆ ಹೆಚ್ಚುಕಮ್ಮಿ ಎಲ್ಲವೂ ನಿರುಪದ್ರವಿ. ದೊಡ್ಡದಾದರೆ ಅಂಡಾಶಯ ತಿರುಚಿಕೊಳ್ಳುವ ಅಪಾಯ ಇರುವುದರಿಂದ ತೆಗೆಸಲು ಹೇಳುತ್ತಾರೆ.

ಸ್ಕ್ಯಾನ್‌ನಲ್ಲಿ ಪಿಸಿಒಡಿ ಬಂದಿದೆ. ನೀರುಗುಳ್ಳೆ ಕರಗಿಸೋಕೆ ಏನು ಮಾಡಬೇಕು?

ಅವು ಕರಗಿಸಬೇಕಾದ ಗುಳ್ಳೆಗಳಲ್ಲ. ಬೆಳೆಯಲು ಶುರುಮಾಡಿ ಅರ್ಧಕ್ಕೆ ನಿಂತ ಮೊಟ್ಟೆಯ ಚೀಲಗಳು, ಒಂದೊಂದೂ 2ರಿಂದ 9 ಮಿ.ಮೀ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಒಂದು ಅಂಡಾಶಯದಲ್ಲಿ 12 ಇದ್ದರೆ ಪಾಲಿಸಿಸ್ಟಿಕ್ ಅಂತ ಗೆರೆ ಎಳೆದರು. ಆಮೇಲೆ ಯಂತ್ರಗಳು ಸುಧಾರಿಸಿ, ಆರೋಗ್ಯವಂತ ಹುಡುಗಿಯರಲ್ಲೂ ಅಷ್ಟು ಕಾಣತೊಡಗಿದವು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊಸ ಯಂತ್ರಗಳಿಗೆ ಆ ಗೆರೆಯನ್ನು 20ಕ್ಕೆ ಏರಿಸಿತು. ಹಳೆಯ ಗೆರೆ ಹಿಡಿದು ಬರೆದ ರಿಪೋರ್ಟ್ ಈಗಲೂ ಸಿಗುತ್ತದೆ.

ಇನ್ನೂ ಮುಖ್ಯವಾದದ್ದು, ಬರೀ ಸ್ಕ್ಯಾನ್ ನೋಡಿ ಪಿಸಿಒಎಸ್ (ಜನ ಪಿಸಿಒಡಿ ಅನ್ನುವ ಕಾಯಿಲೆ) ಅನ್ನಲು ಬರುವುದಿಲ್ಲ. ಮೂರರಲ್ಲಿ ಎರಡು ಇರಬೇಕು: ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ (ಅಂದರೆ ಮುಖದ ಮೇಲೆ ಗಡುಸು ಕೂದಲು, ಮೊಡವೆ ಅಥವಾ ರಕ್ತಪರೀಕ್ಷೆಯಲ್ಲಿ ಹೆಚ್ಚಳ), ಸ್ಕ್ಯಾನ್‌ನಲ್ಲಿ ಈ ಚಿತ್ರ. ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲ ಅಂತಲೂ ಖಚಿತವಾಗಬೇಕು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದ್ದು, ಬೇರೆ ಏನೂ ಇಲ್ಲದಿದ್ದರೆ ನಿಮಗಿರುವುದು ಬರೀ ಚಿತ್ರ, ಕಾಯಿಲೆಯಲ್ಲ. ಮೈನೆರೆದು ಎಂಟು ವರ್ಷ ಆಗದ ಹುಡುಗಿಯರಲ್ಲಿ ಇದಕ್ಕಾಗಿ ಸ್ಕ್ಯಾನ್ ಮಾಡಲೇಬಾರದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ, ಆ ವಯಸ್ಸಿನಲ್ಲಿ ಅಂಡಾಶಯ ಹಾಗೇ ಕಾಣುತ್ತದೆ. ಹದಿನೈದರ ಹುಡುಗಿಯ ತಲೆಗೆ 'ನಿನಗೆ ಪಿಸಿಒಡಿ, ಮಕ್ಕಳಾಗುವುದು ಕಷ್ಟ' ಅಂತ ತುಂಬುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಫೈಬ್ರಾಯ್ಡ್ ಇದೆಯಂತೆ. ಎಷ್ಟು ದೊಡ್ಡದಾದರೆ ತೆಗೆಸಬೇಕು?

ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊದಲು ಎಲ್ಲಿದೆ ಅಂತ ಕೇಳಿ. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಿಗೋ ಜಾಗಕ್ಕೆ ತಕ್ಕಂತೆ 0ರಿಂದ 8ರವರೆಗೆ ನಂಬರ್ ಕೊಟ್ಟಿದೆ. 0, 1, 2 ಗರ್ಭಕೋಶದ ಒಳಗಿನ ಜಾಗಕ್ಕೆ ಚಾಚಿಕೊಂಡವು. 3 ಒಳಪದರಕ್ಕೆ ತಾಗಿಕೊಂಡದ್ದು. 4 ಪೂರ್ತಿ ಗೋಡೆಯೊಳಗೆ. 5, 6, 7 ಹೊರಮೈ ಕಡೆಗೆ. 8 ಅಂದರೆ ಗರ್ಭಕೋಶದ ಕೊರಳಿನಂಥ ಬೇರೆ ಜಾಗ.

ನಂಬರ್ 1ರ 2 ಸೆಂ.ಮೀ. ಗಡ್ಡೆ ಮುಟ್ಟಿನಲ್ಲಿ ರಕ್ತ ಧಾರಾಕಾರ ಹರಿಸಬಲ್ಲದು, ಬಸಿರಿಗೂ ಅಡ್ಡ ಬರಬಹುದು. ನಂಬರ್ 6ರ 5 ಸೆಂ.ಮೀ. ಗಡ್ಡೆ ಇದೆ ಅಂತ ಆ ಹೆಂಗಸಿಗೆ ಗೊತ್ತೇ ಆಗದಿರಬಹುದು. ತೊಂದರೆ ಇಲ್ಲದ ಫೈಬ್ರಾಯ್ಡ್‌ಗೆ ಚಿಕಿತ್ಸೆಯೂ ಬೇಕಿಲ್ಲ. ಐವತ್ತರ ಹೊತ್ತಿಗೆ ಹೆಚ್ಚಿನ ಹೆಂಗಸರಲ್ಲಿ ಒಂದಾದರೂ ಇರುತ್ತದೆ. ಕ್ಯಾನ್ಸರ್ ಆಗಿರುವುದು ತುಂಬಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಕುಗ್ಗುವ ಬದಲು ಬೆಳೆಯುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಿ.

ರಿಪೋರ್ಟಿನಲ್ಲಿ ನಂಬರ್ ಇಲ್ಲದಿದ್ದರೆ 'ಇದು ಒಳಗಿನ ಜಾಗವನ್ನು ಒತ್ತುತ್ತಿದೆಯಾ?' ಅಂತ ಕೇಳಿ. ಒಳಗಿನದನ್ನು ಹೊಟ್ಟೆ ಕೊಯ್ಯದೆ ಹಿಸ್ಟರೋಸ್ಕೋಪಿಯಲ್ಲೇ, ಅಂದರೆ ಯೋನಿಯ ಮೂಲಕ ಸಣ್ಣ ಕ್ಯಾಮೆರಾ ಹಾಕಿ, ತೆಗೆಯಬಹುದು. ಔಷಧಿ ಇದೆ, ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ, ರಕ್ತನಾಳ ಮುಚ್ಚುವ ವಿಧಾನ ಇದೆ. ಇವನ್ನೆಲ್ಲ ಹೇಳದೆ ನೇರವಾಗಿ ಗರ್ಭಕೋಶ ತೆಗೆಯುವ ಮಾತಿಗೆ ಬಂದರೆ, ಉಳಿದ ದಾರಿ ಯಾಕೆ ಆಗುವುದಿಲ್ಲ ಅಂತ ಕಾರಣ ಕೇಳಿ ತಿಳಿದುಕೊಳ್ಳಿ.

ಪಾಲಿಪ್ ಇರಬಹುದು ಅಂತಾರೆ. ಇದೆಯೋ ಇಲ್ವೋ ಖಚಿತ ಆಗೋದು ಹೇಗೆ?

ಒಳಪದರ ದಪ್ಪ ಇದ್ದಾಗ ಪಾಲಿಪ್ ಅದರೊಳಗೆ ಅಡಗಿಬಿಡುತ್ತದೆ. ಮುಂದಿನ ಮುಟ್ಟು ನಿಂತ ಕೂಡಲೇ ಮತ್ತೊಮ್ಮೆ ನೋಡುವುದು ಒಂದು ದಾರಿ. ಇನ್ನೊಂದು, ತೆಳು ಕೊಳವೆಯಿಂದ ಗರ್ಭಕೋಶದೊಳಗೆ ಸ್ವಲ್ಪ ಸಲೈನ್ ಬಿಟ್ಟು ಮಾಡುವ ಸ್ಕ್ಯಾನ್. ಕಪ್ಪಗೆ ಕಾಣುವ ನೀರಿನ ಮಧ್ಯೆ ಪಾಲಿಪ್ ಬೆಳ್ಳಗೆ ಎದ್ದು ನಿಲ್ಲುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಅದಕ್ಕೆ ರಕ್ತ ಕೊಡುವ ಒಂದೇ ನಾಳವೂ ಕಾಣುವುದುಂಟು.

ಸ್ಕ್ಯಾನ್ ನಾರ್ಮಲ್ ಬಂದಿದೆ. ಆದರೂ ಮುಟ್ಟಿನಲ್ಲಿ ಪ್ರಾಣ ಹೋಗೋ ಹಾಗೆ ನೋವು. ಎಲ್ಲ ನನ್ನ ಮನಸ್ಸಿನದಾ?

ಖಂಡಿತ ಅಲ್ಲ. ಹೊಟ್ಟೆಯ ಒಳಪೊರೆಯ ಮೇಲೆ ತೆಳ್ಳಗೆ ಹರಡಿರುವ ಎಂಡೊಮೆಟ್ರಿಯೋಸಿಸ್ ಮಾಮೂಲಿ ಸ್ಕ್ಯಾನ್‌ಗೆ ಕಾಣುವುದೇ ಇಲ್ಲ. ನಾರ್ಮಲ್ ಅಂದರೆ ಸಿಸ್ಟ್ ಇಲ್ಲ, ಗಡ್ಡೆ ಇಲ್ಲ ಅಂತ ಮಾತ್ರ. ಸಂಪರ್ಕದ ವೇಳೆ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದಾಗ ನೋವು, ಮಾತ್ರೆಗೂ ಬಗ್ಗದ ನೋವು ಇದ್ದರೆ ಇದನ್ನೇ ತಲೆಯಲ್ಲಿಟ್ಟುಕೊಂಡು ನೋಡುವವರ ಹತ್ತಿರ ಹೋಗಿ. ಅನುಭವ ಇರುವವರು ಪ್ರೋಬನ್ನು ಮೆಲ್ಲಗೆ ತಳ್ಳಿ, ಗರ್ಭಕೋಶ ಮತ್ತು ಕರುಳು ಒಂದರ ಮೇಲೊಂದು ಜಾರುತ್ತವಾ ಅಂತ ನೋಡುತ್ತಾರೆ. ಜಾರದಿದ್ದರೆ ಅಂಟಿಕೊಂಡಿವೆ ಅಂತ ಅರ್ಥ. ಬರೀ ಫೋಟೊ ತೆಗೆದು ಮುಗಿಸುವ ಸ್ಕ್ಯಾನ್‌ನಲ್ಲಿ ಇದು ಸಿಗುವುದಿಲ್ಲ.

ಯಾವ ನೋವಿಗೆ ತಕ್ಷಣ ಆಸ್ಪತ್ರೆಗೆ ಓಡಬೇಕು?

ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಜೋರು ನೋವು, ಜತೆಗೆ ವಾಂತಿ ಆದರೆ ಅಂಡಾಶಯ ತಿರುಚಿಕೊಂಡಿರಬಹುದು. ಗಂಟೆಗಳ ಮೇಲೆ ಅದರ ಉಳಿವು ನಿಂತಿದೆ. ಡಾಪ್ಲರ್‌ನಲ್ಲಿ ರಕ್ತ ಹರಿಯುವುದು ಕಂಡರೂ ತಿರುಚಿಲ್ಲ ಅಂತ ಖಾತ್ರಿಯಿಲ್ಲ. ಬಸಿರಿನ ಪರೀಕ್ಷೆ ಪಾಸಿಟಿವ್ ಆಗಿ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಟ್ಯೂಬಿನಲ್ಲಿ ಬಸಿರು ನಿಂತು ಒಡೆದಿರಬಹುದು. ಎರಡಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ಬಸಿರು ಅಂತ ಗೊತ್ತಾಗಿದೆ, ಆದರೆ ಸ್ಕ್ಯಾನ್‌ನಲ್ಲಿ ಎದೆಬಡಿತ ಕಾಣಲಿಲ್ಲ. ಮುಗಿದೇ ಹೋಯ್ತಾ?

ಅಷ್ಟು ಬೇಗ ಹಾಗೆ ಅಂದುಕೊಳ್ಳಬೇಡಿ. ಟಿವಿಎಸ್‌ನಲ್ಲಿ ಐದನೇ ವಾರದ ಹೊತ್ತಿಗೆ ಚೀಲ, ಐದೂವರೆಗೆ ಅದರೊಳಗೆ ಯೋಕ್ ಸ್ಯಾಕ್ (ಎಳೆ ಭ್ರೂಣಕ್ಕೆ ಪೋಷಣೆ ಕೊಡುವ ಸಣ್ಣ ಚೀಲ), ಆರನೇ ವಾರದ ಹೊತ್ತಿಗೆ ಬಡಿತ ಕಾಣುತ್ತದೆ. ಮೊಟ್ಟೆ ಒಂದು ವಾರ ತಡವಾಗಿ ಬಿಡುಗಡೆಯಾಗಿದ್ದರೆ ಇವೆಲ್ಲವೂ ಒಂದು ವಾರ ಮುಂದಕ್ಕೆ. ಭ್ರೂಣ 7 ಮಿ.ಮೀ. ಅಥವಾ ಹೆಚ್ಚು ಇದ್ದೂ ಬಡಿತ ಇಲ್ಲದಿದ್ದರೆ, ಇಲ್ಲವೇ ಚೀಲ ಸರಾಸರಿ 25 ಮಿ.ಮೀ. ಆಗಿದ್ದೂ ಒಳಗೆ ಭ್ರೂಣ ಇಲ್ಲದಿದ್ದರೆ, ಆಗ ಮಾತ್ರ ಒಂದೇ ಸ್ಕ್ಯಾನ್‌ನಲ್ಲಿ ಬಸಿರು ಬೆಳೆಯುವುದು ನಿಂತುಹೋಗಿದೆ ಅನ್ನುತ್ತಾರೆ. ಅದಕ್ಕಿಂತ ಕಮ್ಮಿ ಇದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಆ ಇನ್ನೊಂದು ಸ್ಕ್ಯಾನ್ ಆಗದೆ ಬಸಿರು ತೆಗೆಯುವ ಮಾತ್ರೆಗೆ ಅವಸರ ಮಾಡಬೇಡಿ. ಕಾಯುವಾಗ ನೋವು ಅಥವಾ ರಕ್ತ ಜಾಸ್ತಿಯಾದರೆ ಮಾತ್ರ ಅದೇ ದಿನ ಹೋಗಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಎರಡು ಕಡೆ ಮಾಡಿಸಿದೆ, ಎರಡು ಅಳತೆ ಬಂತು. ಯಾರನ್ನು ನಂಬಲಿ?

ಇಬ್ಬರನ್ನೂ. ಅಂಡಾಶಯದ ಗಾತ್ರ ಲೆಕ್ಕ ಹಾಕುವುದು ಉದ್ದ, ಅಗಲ, ದಪ್ಪ ಗುಣಿಸಿ, ಬಂದದ್ದನ್ನು 0.523ರಿಂದ ಗುಣಿಸಿ. ಮೇಲಿನ ಉದಾಹರಣೆಯ 3.5 × 2.5 × 2 ಸೆಂ.ಮೀ. ತೆಗೆದುಕೊಳ್ಳಿ. ಸುಮಾರು 9 ಎಂ.ಎಲ್. ಬರುತ್ತದೆ. ಇನ್ನೊಬ್ಬರು ಪ್ರತಿ ಅಳತೆಯನ್ನೂ ಬರೀ 2 ಮಿ.ಮೀ. ಹೆಚ್ಚು ಹಿಡಿದರೆ? 3.7 × 2.7 × 2.2, ಅಂದರೆ 11.5 ಎಂ.ಎಲ್. ಪಾಲಿಸಿಸ್ಟಿಕ್ ಅನ್ನಲು 10 ಎಂ.ಎಲ್. ಗೆರೆ. ಎರಡು ಮಿ.ಮೀ. ಕೈ ಆಚೀಚೆ ಆಗಿ ಒಬ್ಬರು ನಾರ್ಮಲ್, ಇನ್ನೊಬ್ಬರು ಪಿಸಿಒಡಿ ಅಂತ ಬರೆಯುತ್ತಾರೆ! ಅಂಡಾಶಯ ಇದ್ದಲ್ಲೇ ಇದೆ. ಗಡ್ಡೆ ಬೆಳೆದಿದೆಯಾ ಅಂತ ತಿಳಿಯಬೇಕಿದ್ದರೆ ಆದಷ್ಟೂ ಒಂದೇ ಕಡೆ, ಮುಟ್ಟಿನ ಹೆಚ್ಚುಕಮ್ಮಿ ಅದೇ ದಿನ ಮಾಡಿಸಿ, ಹಳೆಯ ರಿಪೋರ್ಟ್ ಜತೆಗೆ ಒಯ್ಯಿರಿ.

ಎಎಫ್‌ಸಿ 6 ಅಂತ ಬಂದಿದೆ. ಮೊಟ್ಟೆ ಮುಗಿದು ಹೋಗಿದೆಯಾ?

ಇಲ್ಲ. ಎಎಫ್‌ಸಿ ಅಂದರೆ ಆ ತಿಂಗಳು ಎರಡೂ ಅಂಡಾಶಯದಲ್ಲಿ ಕಂಡ 2ರಿಂದ 10 ಮಿ.ಮೀ. ಚೀಲಗಳ ಒಟ್ಟು ಲೆಕ್ಕ. 6 ಕಮ್ಮಿಯೇ ನಿಜ. ಐವಿಎಫ್ ಇಂಜೆಕ್ಷನ್‌ಗೆ ಎಷ್ಟು ಮೊಟ್ಟೆ ಸಿಗಬಹುದು ಅಂತ ಅಂದಾಜಿಗೆ ಇದು ಬಹಳ ಉಪಯೋಗ. ಆದರೆ ಮೊಟ್ಟೆಯ ಗುಣಮಟ್ಟ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ವಯಸ್ಸೇ ಮುಖ್ಯ. ಸಹಜವಾಗಿ ಬಸಿರಾಗಲು ತಿಂಗಳಿಗೆ ಬೇಕಾದ್ದು ಒಂದೇ ಮೊಟ್ಟೆ.

ಗರ್ಭಕೋಶ ಎರಡು ಭಾಗ ಆಗಿದೆಯಂತೆ. ಬೈಕಾರ್ನುಯೇಟ್ ಅಥವಾ ಸೆಪ್ಟೇಟ್ ಅಂತ ಬರೆದಿದ್ದಾರೆ.

ಈ 'ಅಥವಾ' ಬಗೆಹರಿಯುವವರೆಗೆ ಯಾವ ಆಪರೇಷನ್ನಿಗೂ ಒಪ್ಪಬೇಡಿ. ಸೆಪ್ಟೇಟ್‌ನಲ್ಲಿ ಹೊರಮೈ ನೆಟ್ಟಗಿದ್ದು ಒಳಗೆ ಮಾತ್ರ ಪರದೆ ಇರುತ್ತದೆ. ಬೈಕಾರ್ನುಯೇಟ್‌ನಲ್ಲಿ ಹೊರಮೈಯೇ ತಗ್ಗಾಗಿರುತ್ತದೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಹೊರಮೈ ಪೂರ್ತಿ ಕಾಣುವುದಿಲ್ಲ, 3ಡಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಪರದೆ ಕತ್ತರಿಸಿದರೆ ಮಗು ಉಳಿಯುತ್ತದೆ ಅಂತ ಬಹಳ ಕಾಲ ನಂಬಿದ್ದರು. 2021ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಆ ಲಾಭ ಕಾಣಲಿಲ್ಲ, ಹಾಗಾಗಿ ಈಗ ತಜ್ಞರಲ್ಲೇ ಎರಡು ಅಭಿಪ್ರಾಯ ಇದೆ. ಮೂತ್ರಪಿಂಡವನ್ನೂ ಒಮ್ಮೆ ನೋಡಿಸಿ. ಗರ್ಭಕೋಶದ ಹುಟ್ಟು ವ್ಯತ್ಯಾಸ ಇರುವವರಲ್ಲಿ ಕೆಲವರಿಗೆ ಒಂದು ಮೂತ್ರಪಿಂಡ ಇಲ್ಲದಿರುವುದುಂಟು.

ಒ-ರಾಡ್ಸ್ 3 ಅಂತ ಬರೆದಿದ್ದಾರೆ. ಕ್ಯಾನ್ಸರ್‌ನ ಮೂರನೇ ಸ್ಟೇಜಾ?

ಅಲ್ಲವೇ ಅಲ್ಲ. ಸ್ಟೇಜ್‌ಗೂ ಇದಕ್ಕೂ ಸಂಬಂಧ ಇಲ್ಲ. ಅಂಡಾಶಯದಲ್ಲಿ ಕಂಡದ್ದು ಕ್ಯಾನ್ಸರ್ ಆಗಿರುವ ಸಾಧ್ಯತೆ ಎಷ್ಟು ಅಂತ ಹೇಳುವ ನಂಬರ್ ಇದು. 0 ಅಂದರೆ ಸರಿಯಾಗಿ ಕಂಡಿಲ್ಲ. 1 ಸಹಜ. 2ರಲ್ಲಿ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಮ್ಮಿ. 3ರಲ್ಲಿ ಒಂದರಿಂದ ಹತ್ತರೊಳಗೆ. 4ರಲ್ಲಿ ಹತ್ತರಿಂದ ಐವತ್ತರೊಳಗೆ. 5ರಲ್ಲಿ ಐವತ್ತು ಅಥವಾ ಹೆಚ್ಚು. ಅಂದರೆ 3 ಬಂದ ನೂರು ಜನರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. 4 ಅಥವಾ 5 ಬಂದರೆ ಮಾತ್ರ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಬೇಕು.

ಅಂಡಾಶಯದ ಕ್ಯಾನ್ಸರ್ ಮೊದಲೇ ಗೊತ್ತಾಗಲಿ ಅಂತ ವರ್ಷಕ್ಕೊಮ್ಮೆ ಸ್ಕ್ಯಾನ್, ಸಿಎ-125 ರಕ್ತಪರೀಕ್ಷೆ ಮಾಡಿಸಿಬಿಡಲಾ?

ತೊಂದರೆ ಇಲ್ಲದವರಿಗೆ ಬೇಡ. ಬ್ರಿಟನ್ನಿನಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ಇದನ್ನೇ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು. ವರ್ಷ ವರ್ಷ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನಿಂದ ಆಗುವ ಸಾವು ಕಮ್ಮಿಯಾಗಲಿಲ್ಲ. ಇಲ್ಲದ ಕ್ಯಾನ್ಸರನ್ನು ಹುಡುಕಿಕೊಂಡು ಆಪರೇಷನ್ ಆದವರೂ ಇದ್ದರು. ಸಿಎ-125 ಮುಟ್ಟಿನ ಸಮಯದಲ್ಲೂ ಏರುತ್ತದೆ, ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಸೋಂಕು ಇದ್ದರೂ ಏರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಅದೊಂದನ್ನೇ ನೋಡಿ ಏನೂ ಹೇಳಲಾಗದು.

ಆದರೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ, ಅದರಲ್ಲೂ ಐವತ್ತು ದಾಟಿದ್ದರೆ, ಬರೀ ಗ್ಯಾಸ್ ಅಂತ ಬಿಡಬೇಡಿ. ಆಗ ಸ್ಕ್ಯಾನ್ ಬೇಕೇ ಬೇಕು. ತಾಯಿ, ಅಕ್ಕ ತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ವರ್ಷಕ್ಕೊಂದು ಸ್ಕ್ಯಾನ್ ಮಾಡಿಸಿ ಸಮಾಧಾನ ಪಡುವುದಕ್ಕಿಂತ, ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಬೇಕಾ ಅಂತ ತಜ್ಞರ ಹತ್ತಿರ ಕೂತು ಮಾತಾಡಿ.